ಕೊಸರಿಲ್ಲದ ರಿಯಾಯಿತಿ

ಸಾಮಾನು ಕೊಳ್ಳುವವರಲ್ಲಿ ಎರಡು ಬಗೆ. ದುಡ್ಡು ಕೊಟ್ಟೊಡನೆ ವ್ಯಾಪಾರ ಮುಗಿಯಿತೆಂದು ಮನೆಯ ದಾರಿ ಹಿಡಿಯುವವರು ಒಂದು ಬಗೆ. ದುಡ್ಡು ಕೊಟ್ಟ ಮೇಲೆಯೇ ನಿಜವಾದ ವ್ಯಾಪಾರ ಶುರು ಎಂದು ನಂಬಿದವರು ಇನ್ನೊಂದು ಬಗೆ. ನಾನು ಮೊದಲನೆಯ ಗುಂಪಿನ ದಡ್ಡ. ನನ್ನ ಹೆಂಡತಿ ಗಿರಿಜಳನ್ನು ಎರಡನೆಯ ಗುಂಪಿನ ಅಧ್ಯಕ್ಷೆ ಎನ್ನಬಹುದು. ಅವಳಿಗೆ ಕೊಸರು ಬೇಕು. ಹುರುಳಿಕಾಯಿ ತೂಗಿದ ಮೇಲೆ ಇನ್ನೊಂದು ಹಿಡಿ, ಸೊಪ್ಪು ಕೊಂಡ ಮೇಲೆ ನಾಲ್ಕು ಎಸಳು ಕೊತ್ತಂಬರಿ. ಹಾಗೆಂದು ಅವಳು ಬಾಯಿಬಿಟ್ಟು ಕೇಳುವವಳಲ್ಲ. ಕೇಳಿದರೆ ಭಿಕ್ಷೆ, ಕೇಳದೆ ಬಂದರೆ ಮರ್ಯಾದೆ ಎಂಬುದು ಅವಳ ಶಾಸ್ತ್ರ. ಸಾಮಾನು ಚೀಲಕ್ಕೆ ಬಿದ್ದ ಮೇಲೂ ಚೀಲದ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಎತ್ತಲೋ ನೋಡುತ್ತಾ ನಿಲ್ಲುತ್ತಾಳೆ, ಅಷ್ಟೇ. ದೇವರಾಜ ಮಾರುಕಟ್ಟೆಯ ಘಟಾನುಘಟಿಗಳೂ ಆ ಚೀಲದ ಮುಂದೆ ಸೋತಿದ್ದಾರೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಜವಳಿ ಅಂಗಡಿಯಲ್ಲೂ ಹೀಗೇ ನಿಂತಳು. ಅಂಗಡಿಯವನು ಬೇರೇನೂ ತೋಚದೆ ಒಂದು ಕರವಸ್ತ್ರ ಹಾಕಿ ಕಳಿಸಿದ. ಅದು ನನ್ನ ಜೇಬಿಗೇ ಬಂದದ್ದರಿಂದ ನಾನು ಏನೂ ಅನ್ನುವ ಹಾಗಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದೆರಡು ವರ್ಷ ಆಚೀಚೆ, ನನಗೆ ಸಕ್ಕರೆ ಕಾಯಿಲೆ ಗಂಟುಬಿತ್ತು. ಅನ್ನ ಕಡಿಮೆ ಮಾಡಿ, ನವಣೆ, ಸಾಮೆ ತಿನ್ನಿ ಎಂದರು ಡಾಕ್ಟರು. ಪೇಟೆಯಲ್ಲಿ ನವಣೆ ಕೇಳಿದರೆ, "ಎಷ್ಟು ಗಿಳಿ ಸಾಕಿದೀರಾ ಸಾರ್?" ಎಂದು ಅಂಗಡಿಯವನು ವಿಚಾರಿಸಿದ. ಅಷ್ಟರಲ್ಲಿ ನಮ್ಮ ವಿದ್ಯಾರಣ್ಯಪುರಂನಲ್ಲೇ ಒಂದು ಸಾವಯವ ಅಂಗಡಿ ಬಾಗಿಲು ತೆರೆಯಿತು. ಆ ಮಾತು ಆಗ ಹೊಸದು; ಗೊಬ್ಬರದ ಅಂಗಡಿಯಿರಬೇಕೆಂದು ನಾನು ಕೆಲವು ದಿನ ಅತ್ತ ತಲೆ ಹಾಕಲಿಲ್ಲ. ಮಾಲೀಕರು ಶಿವಲಿಂಗಪ್ಪ, ಖಾದಿ ಜುಬ್ಬಾದ ಮೆಲುಮಾತಿನ ಮನುಷ್ಯ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಶನಿವಾರ ಬಂತೆಂದರೆ ಬಾಗಿಲಲ್ಲಿ ಕರಿಹಲಗೆ ತೂಗುತ್ತಿತ್ತು: 'ಈ ವಾರದ ರಿಯಾಯಿತಿ'. ಒಂದು ವಾರ ನವಣೆ, ಒಂದು ವಾರ ಕೆಂಪಕ್ಕಿ, ಒಂದು ವಾರ ಗಾಣದ ಎಣ್ಣೆ. ಹಲಗೆಯಲ್ಲಿ ಏನಿದೆಯೋ ಅದೇ ನಮ್ಮ ಮನೆಯ ಅಡುಗೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ, ಗಿರಿಜಳನ್ನು ಕರೆದುಕೊಂಡು ಹೋದೆ.

ಅಲ್ಲಿ ಎಲ್ಲವೂ ಮೊದಲೇ ತೂಗಿ, ಬಾಯಿ ಹೊಲಿದ ಪೊಟ್ಟಣಗಳು. ಶಿವಲಿಂಗಪ್ಪನವರು ನವಣೆಯ ಪೊಟ್ಟಣವನ್ನು ಚೀಲಕ್ಕೆ ಹಾಕಿದರು. ಗಿರಿಜ ಚೀಲದ ಬಾಯಿ ಮುಚ್ಚಲಿಲ್ಲ.

"ಇನ್ನೇನು ಬೇಕಾಗಿತ್ತು ತಾಯಿ?" ಎಂದರು ಅವರು.

"ಏನೂ ಇಲ್ಲ," ಎಂದು ಇವಳು ಗೋಡೆಯ ಕ್ಯಾಲೆಂಡರು ನೋಡಿದಳು.

ಅವರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. "ಓ, ಕೊಸರಾ? ರಿಯಾಯ್ತಿ ಆಗ್ಲೇ ಕೊಟ್ಟಿದೀನಲ್ಲಮ್ಮ."

"ಅದು ಬೋರ್ಡ್ ಬರ್ದು ಊರೋರಿಗೆಲ್ಲ ಕೊಟ್ಟಿದ್ದು. ನಂಗೇನ್ ಕೊಟ್ರಿ?"

"ಇದೆಲ್ಲ ರೈತರ ಬೆವರು ತಾಯಿ. ಸುಮ್ಮನೆ ಕೊಡೋಕಾಗಲ್ಲ."

"ನಾನೂ ರೈತರ ಮನೆ ಹೆಣ್ಣೇ ಕಣಪ್ಪ. ಕೊಸರು ಹಾಕ್ದೆ ನಮ್ಮಪ್ಪ ಒಂದು ಬದ್ನೆಕಾಯೂ ಮಾರ್ಲಿಲ್ಲ!"

ಚೀಲದ ಬಾಯಿ ಮುಚ್ಚಿ ಅವಳು ದಡದಡ ಹೊರಗೆ ನಡೆದಳು. ಮನೆಗೆ ಬಂದವಳೇ ನವಣೆಯನ್ನು ಅಟ್ಟದ ಮೇಲಿಟ್ಟು ಅಕ್ಕಿ ತೊಳೆಯತೊಡಗಿದಳು. "ಕೊಸರಿಲ್ಲದ್ದು ಮೈಗೆ ಹತ್ತಲ್ಲ ಕಣ್ರೀ. ಆ ಅಂಗಡಿ ಸಾಮಾನು ನಾನು ಬೇಯ್ಸಲ್ಲ," ಎಂದಳು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಗಿರಿಜ. ನಡುವೆ ಏರುತ್ತಿದ್ದದ್ದು ನನ್ನ ಸಕ್ಕರೆ. ನನಗೆ ನಿಜಕ್ಕೂ ಭಯವಾಯಿತು.

ಮುಂದಿನ ಶನಿವಾರ ಒಬ್ಬನೇ ಹೋಗಿ ಸಾಮೆ ತಂದೆ. ಅಂಗಡಿಯೆದುರಿನ ತಳ್ಳುಗಾಡಿಯಲ್ಲಿ ಒಂದು ಕಟ್ಟು ಕರಿಬೇವು ಕೊಂಡು ಅದರ ಮೇಲಿಟ್ಟೆ. "ಶಿವಲಿಂಗಪ್ಪ ನಿನಗೆ ಅಂತಲೇ ಕೊಟ್ಟರು," ಎಂದೆ. ಅವಳ ಮುಖ ಅರಳಿತು. ಅಂದೇ ಅಟ್ಟದ ನವಣೆ ಇಳಿಯಿತು, ಉಪ್ಪಿಟ್ಟಾಯಿತು. ಆಮೇಲೆ ವಾರವಾರವೂ ಅದೇ ನಡೆಯಿತು. ಹಲಗೆಯ ರಿಯಾಯಿತಿಯಲ್ಲಿ ಉಳಿಸಿದ ದುಡ್ಡನ್ನು ನಾನು ತಳ್ಳುಗಾಡಿಗೆ ಸುರಿಯುತ್ತಿದ್ದೆ. ಆದರೂ ಮನೆ ಶಾಂತವಾಗಿತ್ತು, ಸಕ್ಕರೆಯೂ ಇಳಿಮುಖವಾಗಿತ್ತು.

ಸುಮ್ಮನಿರಲಾರದೆ ಗಿರಿಜ ಈ ಸುದ್ದಿಯನ್ನು ಎದುರುಮನೆಯ ರಾಜಮ್ಮನವರಿಗೆ ಹೇಳಿಕೊಂಡಳು. ಅವರು ನಂಬಲಿಲ್ಲ. "ನಂಗೆ ಒಂದು ಕಾಳೂ ಜಾಸ್ತಿ ಹಾಕ್ಲಿಲ್ವಲ್ಲಮ್ಮ ಆತ!" ಎಂದರು. ಸರಿ, ಶನಿವಾರ ಇಬ್ಬರೂ ಚೀಲ ಹಿಡಿದು ಹೊರಟೇಬಿಟ್ಟರು. ನಾನೂ ಹಿಂದೆಯೇ ಹೋದೆ. ಅವಳ ಮಾನ ಹೋಗುವುದಾದರೆ ಪಕ್ಕದಲ್ಲಾದರೂ ನಿಂತಿರಬೇಕಲ್ಲ.

ಶಿವಲಿಂಗಪ್ಪನವರು ಪೊಟ್ಟಣ ಹಾಕಿದರು. ಚೀಲದ ಬಾಯಿ ಅಗಲವಾಗಿ ತೆರೆದಿತ್ತು. ರಾಜಮ್ಮ ಕುತ್ತಿಗೆ ಚಾಚಿ ನೋಡುತ್ತಿದ್ದರು. ಗಿರಿಜಳ ಕಿವಿ ಕೆಂಪಾಗತೊಡಗಿತು. ನಾನು ಅವಳ ಬೆನ್ನ ಹಿಂದಿನಿಂದ ಶಿವಲಿಂಗಪ್ಪನವರಿಗೆ ಕೈ ಮುಗಿದೆ. ಅವರು ನನ್ನನ್ನು ನೋಡಿದರು, ಚೀಲವನ್ನು ನೋಡಿದರು. ಅವರಿಗೂ ಮನೆಯಲ್ಲಿ ಹೆಂಡತಿ ಇದ್ದಿರಬೇಕು. ಗಿರಾಕಿಗಳು ರುಚಿ ನೋಡಲೆಂದು ತಟ್ಟೆಯಲ್ಲಿಟ್ಟಿದ್ದ ಕಪ್ಪು ಬೆಲ್ಲದ ಎರಡು ಉಂಡೆ ತೆಗೆದು ಚೀಲಕ್ಕೆ ಹಾಕಿ, "ನಿಮಗೆ ಅಂತ ತಾಯಿ," ಎಂದರು. ಸಕ್ಕರೆ ಕಾಯಿಲೆಯ ಮನೆಗೆ ಬೆಲ್ಲ! ಆದರೂ ಅವಳ ಮಾನ ಉಳಿಯಿತು. ರಾಜಮ್ಮ ತಡಮಾಡದೆ ತಮ್ಮ ಚೀಲದ ಬಾಯಿ ತೆರೆದು ಅದೇ ಜಾಗದಲ್ಲಿ ನಿಂತರು.

ಗೆದ್ದ ಗಿರಿಜ ಹೊರಗೆ ಬಂದಳು. ನಾನೂ ಬಂದೆ. "ಸಾರ್, ಇವತ್ತು ಕರಿಬೇವು ಬ್ಯಾಡ್ವಾ? ವಾರವಾರ ತಕೋತಿದ್ರಲ್ಲ!" ಎಂದು ತಳ್ಳುಗಾಡಿಯವನು ಕೂಗಿದ.

ಗಿರಿಜ ನಿಂತಳು. ಗಾಡಿ ನೋಡಿದಳು, ನನ್ನನ್ನು ನೋಡಿದಳು. ಎಲ್ಲವೂ ಅರ್ಥವಾಯಿತೆಂದು ಅವಳ ಮುಖವೇ ಹೇಳಿತು. "ನಂಗೋಸ್ಕರ ಇಷ್ಟೆಲ್ಲ ನಾಟ್ಕ ಆಡಿದ್ರಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಣ್ಣಂಚಿನಲ್ಲಿ ನಗುವಿತ್ತು. ಮನಸ್ಸು ಹಗುರಾಗಿ ನಾನೂ ಹಲ್ಲು ಕಿರಿದೆ. ಅವಳು ಗಾಡಿಯವನತ್ತ ತಿರುಗಿದಳು.

"ಅಲ್ಲಪ್ಪ, ವಾರವಾರ ತಗೊಂಡ್ರಲ್ಲ, ಇವ್ರಿಗೆ ಕೊಸರು ಏನ್ ಹಾಕ್ತಿದ್ದೆ?"

"ಸಾಹೇಬ್ರು ಎಲ್ಲಿ ನಿಲ್ತಾರಕ್ಕ? ಕಾಸು ಕೊಟ್ಟು ಹೊಂಟೇಬುಡೋರು."

ಅವಳ ನಗು ಅಲ್ಲಿಗೇ ನಿಂತಿತು. ನಾನು ಹೇಳಿದ ಸುಳ್ಳನ್ನೆಲ್ಲ ಗಿರಿಜ ಅಂದೇ ಮರೆತಳು. ಕೊಸರಿಲ್ಲದೆ ಕರಿಬೇವು ಕೊಂಡದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.