ಗುರುತು ಹಾಕಿದ ಕಡೆ ಒಂದು ಸಹಿ

ಕಾಗದದ ಮೇಲೆ ಪೆನ್ಸಿಲಿನ ಒಂದು ಸಣ್ಣ ಕತ್ತರಿ ಗುರುತು ಕಂಡರೆ ಸಾಕು, ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ತಾನಾಗಿಯೇ ಜೇಬಿಗೆ ಹೋಗುತ್ತದೆ, ಪೆನ್ನು ತೆಗೆಯುತ್ತದೆ, ಗುರುತಿನ ಮೇಲೆ ಸಹಿ ಮಾಡಿ, ಕೆಳಗೆ ತಾರೀಖು ಹಾಕಿ, ಎರಡು ಗೆರೆ ಎಳೆದು ಸುಮ್ಮನಾಗುತ್ತದೆ. ಇದು ಕಾಯಿಲೆಯೋ ಚಟವೋ ನನಗೆ ತಿಳಿಯದು. ಕಾರಣ ಮಾತ್ರ ಚೆನ್ನಾಗಿ ತಿಳಿದಿದೆ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಗುಮಾಸ್ತನಾಗಿದ್ದು, ಅಧೀಕ್ಷಕನಾಗಿ ನಿವೃತ್ತನಾದವನು ನಾನು. ಅಲ್ಲಿ ನನ್ನ ಅರ್ಧ ಕೆಲಸವೇ ಈ ಗುರುತು ಹಾಕುವುದಾಗಿತ್ತು. ನಮ್ಮ ಸಾಹೇಬರು ಕಡತ ಓದುವವರಲ್ಲ, ನಾನು ಗುರುತು ಹಾಕಿದ ಕಡೆ ಸಹಿ ಮಾಡುವವರು. ಒಮ್ಮೆ ಕಚೇರಿಯ ವನಭೋಜನಕ್ಕೆ ತರಬೇಕಾದ ತರಕಾರಿಯ ಪಟ್ಟಿ ಹೇಗೋ ಕಡತದೊಳಗೆ ಸೇರಿ, ಅದಕ್ಕೂ ನನ್ನ ಗುರುತು ಬಿದ್ದು, ಅವರು ಬದನೆಕಾಯಿಯ ಕೆಳಗೆ 'ಅನುಮೋದಿಸಿದೆ' ಎಂದು ಬರೆದು ಸಹಿ ಹಾಕಿದ್ದರು. ಆ ದಿನ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಈಗ ನನಗೆ ಅಂಥ ನಗು ಬರುವುದಿಲ್ಲ, ಬರೀ ಸಿಟ್ಟು ಬರುತ್ತದೆ.

ಸಿಟ್ಟಿನ ಕಥೆ ಹೇಳುವ ಮೊದಲು ನನ್ನ ಹೆಂಡತಿಯ ಬಗ್ಗೆ ಹೇಳಬೇಕು. ನೀಲಮ್ಮ ಬಾಗಲಕೋಟೆ ಕಡೆಯವಳು, ನಾನು ತುಮಕೂರು ಕಡೆಯವನು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯಲ್ಲಿ ಮುದ್ದೆಗೂ ರೊಟ್ಟಿಗೂ ದೊಡ್ಡ ಯುದ್ಧವೇ ನಡೆದು, ರೊಟ್ಟಿ ಗೆದ್ದಿತು. ನಾನು ನಿವೃತ್ತನಾದ ಮೇಲೆ ಅವಳು ಬಸವೇಶ್ವರನಗರದ ನಮ್ಮ ಮನೆಯ ಕಾರ್‌ಶೆಡ್ಡಿನಲ್ಲಿ, ಕಾರಂತೂ ಇರಲಿಲ್ಲ ಬಿಡಿ, ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ಉತ್ತರ ಕರ್ನಾಟಕದಿಂದ ಬಂದು ಕುರುಬರಹಳ್ಳಿ, ವಿಜಯನಗರದ ಕೋಣೆಗಳಲ್ಲಿ ಇರುವ ಮಕ್ಕಳಿಗೆಲ್ಲ ಅವಳು 'ರೊಟ್ಟಿ ಆಂಟಿ'. ರೊಟ್ಟಿ ಬಡಿಯಲು ಇಬ್ಬರು ಹೆಂಗಸರು ಬರುತ್ತಾರೆ. ಆದರೆ ಕುದಿಯುವ ನೀರು ಹಾಕಿ ಹಿಟ್ಟು ನಾದುವ ಕೆಲಸವನ್ನು ಮಾತ್ರ ನೀಲಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಹದ ತಪ್ಪಿದರೆ ರೊಟ್ಟಿಯ ಅಂಚು ಸೀಳುತ್ತದೆ, ಸೀಳಿದ ರೊಟ್ಟಿಯನ್ನು ಗಿರಾಕಿಗೆ ಕೊಡುವುದು ಅವಳ ಪ್ರಕಾರ ಮಾನ ಹೋಗುವ ಕೆಲಸ.

ವ್ಯಾಪಾರ ಬೆಳೆದಾಗ ದೊಡ್ಡ ಒಲೆ, ಹಂಚುಗಳು ಮತ್ತು ಹಿಟ್ಟು ನಾದುವ ಒಂದು ಯಂತ್ರ, ಇಷ್ಟಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದೆವು. ಸಾಲ ಅವಳ ಹೆಸರಿನಲ್ಲಿ. ಪಿಂಚಣಿ ಬರುತ್ತದಲ್ಲ, ಅದಕ್ಕೆ ಜೊತೆ ಸಹಿ ನನ್ನದು. ಸಾಲ ವಿಭಾಗದ ಸುಧಾಕರ್ ಎಂಬ ಅಧಿಕಾರಿ ನಮ್ಮನ್ನು ಕೂರಿಸಿ, ಒಂದು ದಪ್ಪ ಕಟ್ಟು ತೆಗೆದು ಮುಂದಿಟ್ಟ. ಪ್ರತಿ ಹಾಳೆಯಲ್ಲೂ ಪೆನ್ಸಿಲಿನ ಗುರುತು! ಅಷ್ಟು ಅಚ್ಚುಕಟ್ಟಾದ ಗುರುತುಗಳನ್ನು ನೋಡಿ ನನಗೆ ನನ್ನ ಕಚೇರಿ ನೆನಪಾಗಿ ಕಣ್ಣು ತೇವವಾಯಿತು. "ಗುರುತು ಹಾಕಿರೋ ಕಡೆ ಮಾಡ್ತಾ ಹೋಗಿ ಸಾರ್, ಎಲ್ಲಾ ಫಾರ್ಮಾಲಿಟಿ" ಎಂದ. ಮಾಡುತ್ತಾ ಹೋದೆ. ಪಕ್ಕದಲ್ಲಿ ನೀಲಮ್ಮ ಒಂದೊಂದೇ ಹಾಳೆ ಓದಲು ಹೊರಟಾಗ, "ಹಿಂದೆ ಜನ ಕಾಯ್ತಿದಾರೆ, ಬೇಗ ಬೇಗ" ಎಂದು ಅವಳನ್ನು ಅವಸರಪಡಿಸಿದವನೂ ನಾನೇ.

ಸಾಲ ಖಾತೆಗೆ ಬಂದಾಗ ಒಂದು ದೊಡ್ಡ ತುಂಡೇ ಕಡಿಮೆ ಇತ್ತು. "ಏನ್ರೀ, ರೊಕ್ಕ ಕಡಿಮಿ ಬಂದೈತಲ್ಲ?" ಎಂದು ನೀಲಮ್ಮ ಕೇಳಿದಳು. ಹೋಗಿ ವಿಚಾರಿಸಿದರೆ ಸುಧಾಕರ ನಗುತ್ತಾ, "ಅದು ಸಾಲದ ವಿಮೆ ಸಾರ್. ನಾಳೆ ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಕಂತು ವಿಮೆಯೋರು ಕಟ್ತಾರೆ. ಇದು ಕಂಪಲ್ಸರಿ, ಎಲ್ಲಾರ್ಗೂ ಮಾಡ್ತೀವಿ" ಎಂದ. ಕಂಪಲ್ಸರಿ ಎಂಬ ಮಾತು ಕೇಳಿದರೆ ಸರ್ಕಾರಿ ನೌಕರ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ನಾನೂ ಮಾಡಿ ಬಂದೆ. ಹೀಗೆ ಹೋದದ್ದು ಸರಿಯಾಗಿ ಯಂತ್ರಕ್ಕೆಂದು ಇಟ್ಟಿದ್ದ ಹಣ. "ಇರ್ಲಿ ಬಿಡ್ರಿ, ಇನ್ನೊಂದ್ ವರ್ಷ ಕೈಲೇ ನಾದ್ತೀನಿ" ಎಂದಳು ನೀಲಮ್ಮ.

ವರ್ಷ ತುಂಬುವ ಮೊದಲೇ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ಲೋಟ ಹಿಡಿದರೆ ಕೈ ನಡುಗುತ್ತಿತ್ತು, ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ನೋಡಿ, "ಪೂರ್ತಿ ವಾಸಿಯಾಗೋವರೆಗೂ ಈ ಕೈಯಲ್ಲಿ ಭಾರದ ಕೆಲಸ ಮಾಡ್ಬೇಡಿ ಅಮ್ಮಾ. ಹೀಗೇ ನಾದ್ತಾ ಇದ್ರೆ ಆಮೇಲೆ ಆಪರೇಷನ್ನೇ" ಎಂದರು. ನನಗೆ ತಕ್ಷಣ ವಿಮೆಯ ನೆನಪಾಯಿತು. ಎಂಥ ಮುಂದಾಲೋಚನೆ ನನ್ನದು ಎಂದು ಬೀಗುತ್ತಾ ಬ್ಯಾಂಕಿಗೆ ಹೋದೆ.

ಅಲ್ಲಿ ಹೊರಬಿದ್ದ ಸತ್ಯವನ್ನು ಹೇಳುವಾಗ ಈಗಲೂ ಮೈಯೆಲ್ಲ ಉರಿಯುತ್ತದೆ. ವಿಮೆ ಇದ್ದದ್ದು ನೀಲಮ್ಮನ ಹೆಸರಿನಲ್ಲಲ್ಲ, ನನ್ನ ಹೆಸರಿನಲ್ಲಿ. ಕಾಯಿಲೆಗಲ್ಲ, ನೌಕರಿ ಹೋದರೆ ಮಾತ್ರ. ಅದೂ ಅರವತ್ತರ ಒಳಗಿನ ಸಂಬಳದಾರರಿಗೆ. ನಾನು ಸಹಿ ಹಾಕುವಾಗ ನನಗೆ ಅರವತ್ತೊಂದು, ನೌಕರಿ ಮುಗಿಸಿ ಹಾರ ಹಾಕಿಸಿಕೊಂಡು ಬಂದು ವರ್ಷವಾಗಿತ್ತು. ಅರ್ಜಿಯಲ್ಲಿ ಉದ್ಯೋಗ ಎಂಬ ಕಡೆ ಯಾರೋ ತಮ್ಮ ಕೈಯಲ್ಲೇ 'ಸಂಬಳದಾರ' ಎಂದು ತುಂಬಿದ್ದರು. ನನಗೆ ಎರಡನೇ ಸಲ ನೌಕರಿ ಕೊಟ್ಟವರು ಬ್ಯಾಂಕಿನವರು, ಆದರೆ ನನಗೇ ಹೇಳಿರಲಿಲ್ಲ! ಯಾವ ಕಾಲಕ್ಕೂ ಒಂದು ಪೈಸೆ ಬರಲಾರದ ವಿಮೆಯನ್ನು ಕಿವಿಯ ಮೇಲೆ ಹೂವಿಟ್ಟು ನಮಗೆ ಮಾರಿದ್ದರು. ಸುಧಾಕರನನ್ನು ಹಿಡಿಯೋಣ ಎಂದರೆ ಅವನಿಗೆ ಬಡ್ತಿಯಾಗಿ ವರ್ಗವಾಗಿತ್ತು.

ಆ ಹಣ ವಾಪಸು ಕೊಡಿ, ಯಂತ್ರ ತರಬೇಕು ಎಂದು ದೂರು ಬರೆದುಕೊಟ್ಟೆ. ಮೂರನೆಯ ದಿನ ಮೊಬೈಲಿಗೆ ಸಂದೇಶ ಬಂತು, 'ನಿಮ್ಮ ದೂರು ಪರಿಶೀಲನೆಯಲ್ಲಿದೆ.' ಇಪ್ಪತ್ತು ದಿನದ ಮೇಲೆ ಆಧಾರ್ ಪ್ರತಿ ಕೇಳಿದರು, ಕೊಟ್ಟೆ. ಮತ್ತೆ ಇಪ್ಪತ್ತು ದಿನದ ಮೇಲೆ ಸಾಲ ಮಂಜೂರಾತಿ ಪತ್ರದ ಪ್ರತಿ ಕೇಳಿದರು. ಆ ಪತ್ರ ಕೊಟ್ಟವರು ಅವರೇ! ಅದನ್ನೂ ಕೊಟ್ಟೆ. ಆಮೇಲೆ ಪಾನ್ ಕಾರ್ಡು. ಅಷ್ಟರಲ್ಲಿ ಮ್ಯಾನೇಜರ್ ಬದಲಾಗಿ, ಹೊಸಬರು "ನಾನು ಮೊನ್ನೆ ತಾನೇ ಚಾರ್ಜ್ ತಗೊಂಡೆ ಸಾರ್, ಸ್ವಲ್ಪ ಸ್ಟಡಿ ಮಾಡ್ಬೇಕು" ಎಂದರು. ಅವರ ಸ್ಟಡಿ ಮುಗಿಯುವ ಹೊತ್ತಿಗೆ ಅವರಿಗೂ ವರ್ಗವಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, 'ನಿಮ್ಮ ದೂರನ್ನು ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?' ಎಂದು ಸಂದೇಶ ಬಂತು. ಯಾರಿಗೆ ತೃಪ್ತಿ? ಎದುರಿಗೆ ನನ್ನ ಹೆಂಡತಿ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಿದ್ದಳು. ಆ ಮೊಬೈಲನ್ನು ಗೋಡೆಗೆ ಬಡಿಯಬೇಕೆನ್ನಿಸಿತು.

ಒಂದು ಸತ್ಯವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಬ್ಯಾಂಕಿನವರ ಈ ವಿದ್ಯೆ ನನಗೆ ಹೊಸದಲ್ಲ. ಬೇಕಾದ ದಾಖಲೆಗಳನ್ನೆಲ್ಲ ಒಂದೇ ಸಲ ಕೇಳಬಾರದು, ಒಂದೊಂದಾಗಿ ಕೇಳಬೇಕು. ಕೊಟ್ಟವನು ಸುಸ್ತಾಗಬೇಕು, ಕಡತ ನಮ್ಮ ಮೇಜಿನ ಮೇಲೆ ಇದ್ದೂ ಇಲ್ಲದಂತಿರಬೇಕು. ಹೊಸದಾಗಿ ಸೇರಿದ ಗುಮಾಸ್ತರಿಗೆ ನಾನೇ ಇದನ್ನು ಕಾಫಿ ಕುಡಿಯುತ್ತಾ ಹೇಳಿಕೊಟ್ಟಿದ್ದೆ. ಆಗ ಕಿಟಕಿಯ ಆಚೆ ನಿಂತಿದ್ದವರ ಮನೆಯಲ್ಲೂ ಯಾರದಾದರೂ ಕೈ ಊದಿಕೊಂಡಿತ್ತೋ ಏನೋ, ನಾನು ಕೇಳಿರಲಿಲ್ಲ. ಈ ಯೋಚನೆ ಬಂದಾಗ ಸಿಟ್ಟು ಸ್ವಲ್ಪ ಇಳಿಯಬೇಕಿತ್ತು. ಇಳಿಯಲಿಲ್ಲ, ನನ್ನ ಮೇಲೂ ಸೇರಿ ಇಮ್ಮಡಿಯಾಯಿತು.

ಕೊನೆಗೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ಅವರಿಗೆ ಬರೆಯುತ್ತೇನೆ ಎಂದು ಬ್ಯಾಂಕಿನ ನಟ್ಟನಡುವೆ ನಿಂತು ಕೂಗಾಡಿದೆ. ಟೋಕನ್ ಹಿಡಿದು ಕೂತಿದ್ದವರೆಲ್ಲ ತಿರುಗಿ ನೋಡಿದರು. "ಬಿಡ್ಬೇಡಿ ಯಜಮಾನ್ರೇ, ನಂಗೂ ಹಿಂಗೇ ಟೋಪಿ ಹಾಕಿದಾರೆ" ಎಂದು ಸುಂಕದಕಟ್ಟೆಯಿಂದ ಬಂದಿದ್ದ ಆಟೋ ಚಾಲಕರೊಬ್ಬರು ದನಿಗೂಡಿಸಿದರು. ಮರುದಿನವೇ ಬ್ಯಾಂಕಿನಿಂದ ಫೋನು. "ದಂಪತಿಗಳು ಇಬ್ರೂ ಬನ್ನಿ ಸಾರ್, ಇವತ್ತೇ ಮುಗಿಸಿಬಿಡೋಣ." ಹೋದೆವು. ಮೂರನೆಯ ಮ್ಯಾನೇಜರು ಎದ್ದು ನಿಂತು ಕೈ ಮುಗಿದರು. ಸಕ್ಕರೆ ಕಡಿಮೆ ಹಾಕಿಸಿ ಕಾಫಿ ತರಿಸಿದರು. ನನ್ನ ಸಿಟ್ಟು ಬೆಣ್ಣೆಯಂತೆ ಕರಗಿತು. ಗೆದ್ದೆ ಎಂಬ ಹಮ್ಮಿನಲ್ಲಿ ನೀಲಮ್ಮನ ಕಡೆ ಒಮ್ಮೆ ನೋಡಿದೆ. ಆಗ ಮ್ಯಾನೇಜರು ಮೂರು ಹಾಳೆ ಮುಂದಿಟ್ಟರು. ಮೂರರಲ್ಲೂ ಮೂಲೆಯಲ್ಲಿ ಪುಟ್ಟ ಪೆನ್ಸಿಲಿನ ಗುರುತು.

ಮೊದಲ ಹಾಳೆಗೆ ಸಹಿ ಬಿತ್ತು. ಎರಡನೆಯದಕ್ಕೂ ಬಿತ್ತು. ಮೂರನೆಯದರ ಮೇಲೆ ಪೆನ್ನು ಇಳಿಯುವಾಗ ನನ್ನ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೀಲಮ್ಮ. ಹಿಡಿದದ್ದು ಪಟ್ಟಿ ಸುತ್ತಿದ ಬಲಗೈಯಲ್ಲಿ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಇದರಾಗ ಏನ್ ಬರ್ದಾರ, ಓದಿದ್ರೇನು?"

ನಾನು ಪೆನ್ನು ಮೇಜಿನ ಮೇಲಿಟ್ಟೆ.

"ಒಮ್ಮಿ ಓದಲಾರದ ಸಹಿ ಮಾಡಿ ನನ್ನ ಕೈ ಕಳದ್ರಿ. ಇನ್ನ ಏನ್ ಕಳೀಬೇಕಂತೀರಿ?"

ಮ್ಯಾನೇಜರು ಕಾಫಿ ಲೋಟ ನೋಡುತ್ತಾ ಕೂತರು. ನೀಲಮ್ಮ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು ಗಟ್ಟಿಯಾಗಿ ಓದಿದಳು. ಮೊದಲನೆಯದರಲ್ಲಿ ವಿಮೆಯ ಷರತ್ತುಗಳನ್ನೆಲ್ಲ ನನಗೆ ವಿವರಿಸಿ ಹೇಳಲಾಗಿತ್ತು ಎಂದು ಇತ್ತು. ಎರಡನೆಯದರಲ್ಲಿ ಬ್ಯಾಂಕಿನ ಸೇವೆ ನನಗೆ ಪೂರ್ಣ ತೃಪ್ತಿ ತಂದಿದೆ ಎಂದು. ಮೂರನೆಯದರಲ್ಲಿ ದೂರನ್ನು ಸ್ವಇಚ್ಛೆಯಿಂದ ವಾಪಸು ಪಡೆದಿದ್ದೇನೆ ಎಂದು. ಹಣ ಕೊಡುತ್ತೇವೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅವಳು ಮೂರನ್ನೂ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. "ಅಮ್ಮಾ, ಅವು ಬ್ಯಾಂಕಿನ ಪೇಪರ್" ಎಂದರು ಮ್ಯಾನೇಜರು. "ಸಹಿ ನಮ್ಮನಿಯವರದು" ಎಂದು ಹೇಳಿ ಎದ್ದಳು. ಕಾಫಿಯನ್ನು ಅವಳು ಮುಟ್ಟಿರಲಿಲ್ಲ. ನಾನು ಮಾತ್ರ ಕುಡಿದು ಮುಗಿಸಿದ್ದೆ, ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ.

ಒಂಬುಡ್ಸ್‌ಮನ್‌ಗೆ ದೂರು ಬರೆದವಳು ಅವಳೇ, ಎಡಗೈಯಲ್ಲಿ, ಎರಡು ದಿನ ಕೂತು. ಆ ಮೂರು ಹಾಳೆಗಳ ಪ್ರತಿಯನ್ನೂ ಜೊತೆಗೆ ಇಟ್ಟಿದ್ದಾಳೆ. ಅಲ್ಲಿಂದ ಇನ್ನೂ ಉತ್ತರ ಬರಬೇಕು. ನಾನು ಮನೆಯಿಂದ ಹೊರಡುವಾಗ ಜೇಬಿನಿಂದ ಪೆನ್ನು ತೆಗೆದಿಟ್ಟುಕೊಂಡೇ ಕಳಿಸುತ್ತಾಳೆ. ಯಂತ್ರ ಬಂದಿಲ್ಲವಾದ್ದರಿಂದ ಹಿಟ್ಟು ನಾದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆರಳು ಸುಡುತ್ತವೆ, ಸೊಂಟ ಹಿಡಿಯುತ್ತದೆ, ಹದ ಮಾತ್ರ ಸಿಗುವುದಿಲ್ಲ. "ಯಾಕ್ರೀ ಆಂಟಿ, ರೊಟ್ಟಿ ಅಂಚು ಸೀಳಾಕತ್ತಾವು?" ಎಂದು ಗಿರಾಕಿಗಳು ಕೇಳಿದಾಗ ಅವಳು ನನ್ನ ಕಡೆ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಹೇಳಿದ್ದರೇ ವಾಸಿಯಿತ್ತು.

ಮೊನ್ನೆ ಬ್ಯಾಂಕಿನಿಂದ ಹೊಸ ಪತ್ರ ಬಂತು. ತೃಪ್ತಿಪತ್ರ ಬಾರದ ಕಾರಣ ಪ್ರಕರಣವನ್ನು ಮೊದಲಿನಿಂದ ಪರಿಶೀಲಿಸಲಾಗುವುದಂತೆ. ವಿಮೆ ಇರುವುದು ನೌಕರಿ ಹೋದವರಿಗಲ್ಲವೆ, ಅದಕ್ಕೆ ನನ್ನನ್ನು ಕೆಲಸದಿಂದ ತೆಗೆದ ಬಗ್ಗೆ ಮಾಲೀಕರ ಪತ್ರ ಬೇಕಂತೆ! ಹಲ್ಲು ಕಚ್ಚಿಕೊಂಡು ಯೋಚಿಸಿದೆ. ಮಾಲೀಕರ ಪತ್ರ ತಾನೆ, ಕೊಟ್ಟರಾಯಿತು. ಹಳೆಯ ಕಸುಬು ಕೈಬಿಟ್ಟಿಲ್ಲ ನೋಡಿ, 'ಹಿಟ್ಟಿನ ಹದ ತಿಳಿಯದ ಕಾರಣ ಈ ನೌಕರನನ್ನು ಸೇವೆಯಿಂದ ತೆಗೆದುಹಾಕಲಾಗಿದೆ' ಎಂದು ಚೆಂದವಾಗಿ ಕರಡು ಬರೆದೆ. ಕೆಳಗೆ ಮಾಲೀಕಳು ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ, ನೀಲಮ್ಮನ ಮುಂದಿಟ್ಟೆ.

ಅವಳು ಕನ್ನಡಕ ಹಾಕಿಕೊಂಡು, ತಾರೀಖಿನಿಂದ ಹಿಡಿದು ಕೊನೆಯ ಅಕ್ಷರದವರೆಗೆ ಓದಿದಳು. ರಬ್ಬರು ತೆಗೆದುಕೊಂಡು ಗುರುತನ್ನು ಅಳಿಸಿದಳು.

"ಇಟ್ಟು ಹೋಗ್ರಿ, ಪರಿಶೀಲನಿ ಮಾಡ್ತೀನಿ" ಎಂದಳು. "ಅಲ್ಲೀತನಕ ನಾದ್ರಿ."