ರಾಣಿಯ ಸೋದರಮಾವನ ಮಗ

ಸತ್ತುಹೋದ ರಾಜರು ಬದುಕಿರುವವರಿಗೆ ಇಷ್ಟೊಂದು ಕಾಟ ಕೊಡಬಲ್ಲರೆಂದು ಈ ಇಂಗ್ಲಿಷರ ದೇಶಕ್ಕೆ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಸಾಲ್ಫರ್ಡಿನಲ್ಲಿ ಫ್ಲ್ಯಾಟು, ಟ್ರಾಮ್ ಹತ್ತಿದರೆ ಆಫೀಸು, ಎಲ್ಲ ಸುಸೂತ್ರವಾಗಿದೆ. ಆದರೆ ಇಲ್ಲಿನ ಪೌರತ್ವ ಬೇಕೆಂದರೆ ಇಲ್ಲಿನ ಇತಿಹಾಸದ ಪರೀಕ್ಷೆ ಪಾಸಾಗಬೇಕು. ನನ್ನ ಹೆಂಡತಿ ಸುಮಾ ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯೆ. ಕ್ಲಿನಿಕ್ಕಿನಲ್ಲಿ ಊಟದ ಬಿಡುವಿನಲ್ಲೇ ಓದಿಕೊಂಡು ಒಂದೇ ಏಟಿಗೆ ಪಾಸಾದಳು. ನಾನು ಡುಮ್ಕಿ ಹೊಡೆದೆ. ಈಗ ಊರಿಂದ ವಾಪಸು ಬರುವಾಗಲೆಲ್ಲ ವಿಮಾನ ನಿಲ್ದಾಣದಲ್ಲಿ ಅವಳೂ ಮಗಳೂ ಒಂದು ಗೇಟಿನಿಂದ ಸರಕ್ಕನೆ ಹೊರಗೆ ಹೋಗುತ್ತಾರೆ, ನಾನು ಉದ್ದನೆಯ ಸಾಲಿನಲ್ಲಿ ಒಬ್ಬನೇ ನಿಲ್ಲುತ್ತೇನೆ. ಆಚೆಯಿಂದ ಮಗಳು ಅತಿಥಿಗೆ ಬೀಸುವ ಹಾಗೆ ಕೈ ಬೀಸುತ್ತಾಳೆ. ನಗುತ್ತಲೇ ನಾನೂ ಬೀಸುತ್ತೇನೆ.

ಎರಡನೆಯ ಪರೀಕ್ಷೆ ಹತ್ತಿರವಾದಾಗ ಮೈಸೂರಿನಿಂದ ಅಮ್ಮ ಬಂದಿದ್ದಳು. ಒಂದು ಭಾನುವಾರ ನಾನು ಗಟ್ಟಿಯಾಗಿ ಓದುತ್ತಿದ್ದೆ: ಹತ್ತೊಂಬತ್ತನೆಯ ಶತಮಾನದ ಮಹಾರಾಣಿ ತನ್ನ ಕಸಿನ್‌ನನ್ನು ಮದುವೆಯಾದಳು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಕಸಿನ್ ಅಂದ್ರೆ ಯಾರೋ? ಚಿಕ್ಕಪ್ಪನ ಮಗನೋ, ಸೋದರಮಾವನ ಮಗನೋ?"

"ಜಸ್ಟ್ ಕಸಿನ್, ಅಜ್ಜಿ," ಎಂದಳು ಮಗಳು.

"ಜಸ್ಟ್ ಅಂತೆ! ಚಿಕ್ಕಪ್ಪನ ಮಗ ಆದ್ರೆ ಅಣ್ಣ ಆಗ್ಬಿಡ್ತಾನಲ್ಲೇ!"

ಮನೆಮಂದಿಯೆಲ್ಲ ಹುಡುಕಾಡಿದೆವು. ರಾಣಿಯ ತಾಯಿಯೂ ಹುಡುಗನ ತಂದೆಯೂ ಅಣ್ಣತಂಗಿಯರು. ಅಂದರೆ ಸೋದರಮಾವನ ಮಗ. "ಹಾಗಾದ್ರೆ ಸರಿ, ನಮ್ಮಲ್ಲೂ ಕೊಡ್ತಾರೆ," ಎಂದು ಅಮ್ಮ ಒಪ್ಪಿಗೆ ಕೊಟ್ಟು ಸೊಪ್ಪಿಗೆ ಮರಳಿದಳು.

ಅಲ್ಲಿಂದ ಯುರೋಪಿನ ಇತಿಹಾಸವೆಲ್ಲ ನಮ್ಮ ಅಡುಗೆಮನೆಗೆ ಬಂತು. ಆರು ಮದುವೆಯಾದ ರಾಜ ಮೊದಲು ಕೈ ಹಿಡಿದದ್ದು ಸತ್ತ ಅಣ್ಣನ ಹೆಂಡತಿಯನ್ನು ಎಂದು ತಿಳಿದಾಗ ಅಮ್ಮ, "ಅತ್ತಿಗೆ ಅಂದ್ರೆ ತಾಯಿ ಇದ್ದ ಹಾಗೆ! ಅದಕ್ಕೇ ಒಂದು ಮದುವೇನೂ ನೆಟ್ಟಗಾಗ್ಲಿಲ್ಲ," ಎಂದಳು. ಸೇಬು ಬಿದ್ದದ್ದನ್ನು ನೋಡಿ ಯೋಚಿಸಿದ ವಿಜ್ಞಾನಿಗೆ ಮದುವೆಯೇ ಆಗಿರಲಿಲ್ಲವೆಂದಾಗ, "ಮತ್ತೆ, ಮರದ ಕೆಳಗೆ ಕೂರೋಕೆ ಸಂಸಾರಸ್ಥರಿಗೆಲ್ಲಿ ಪುರುಸೊತ್ತು?" ಎಂದಳು. ಮೊದಲ ಮಹಾಯುದ್ಧದ ಜರ್ಮನ್ ಚಕ್ರವರ್ತಿ ಇಲ್ಲಿನ ರಾಜನಿಗೆ ಸೋದರತ್ತೆಯ ಮಗ. "ಯಾವ ಮದುವೇಲಿ ಯಾರಿಗೆ ಮರ್ಯಾದೆ ಸಾಲ್ದೆ ಹೋಯ್ತೋ ಏನೋ," ಎಂದು ಅಮ್ಮ ನಿಟ್ಟುಸಿರಿಟ್ಟಳು. ನನ್ನ ಪುಸ್ತಕದ ಮುತ್ಸದ್ದಿಗಳೆಲ್ಲ ಸೇರಿ ಆ ಯುದ್ಧದ ಕಾರಣವನ್ನು ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅಮ್ಮನಿಗೆ ಹಿರಿಯರ ಹೆಸರು ಹಿಡಿದು ಹೇಳುವ ರೂಢಿಯಿಲ್ಲ. ಅಪ್ಪನ ಹೆಸರನ್ನು ಬ್ಯಾಂಕಿನವರು ಕೇಳಿದರೂ ನನ್ನ ಕಡೆ ತಿರುಗಿ "ನೀನೇ ಹೇಳೋ" ಎನ್ನುತ್ತಿದ್ದವಳು ಅವಳು. ಇನ್ನು ರಾಜರಾಣಿಯರ ಹೆಸರು ಹೇಳುತ್ತಾಳೆಯೇ? ಬರ್ಮಿಂಗ್‌ಹ್ಯಾಮಿನ ಚೌಕದಲ್ಲಿರುವ ಆ ರಾಣಿಯ ಪ್ರತಿಮೆಯ ಮುಂದೆಯೂ, "ಪಾಪ, ಇವರ ಯಜಮಾನ್ರು ಬೇಗ ಹೋಗ್ಬಿಟ್ರಂತೆ," ಎಂದು ಕಣ್ಣೊರೆಸಿಕೊಂಡಳೇ ಹೊರತು ಹೆಸರೆತ್ತಲಿಲ್ಲ. ಅವಳ ಜೊತೆ ಓದಿ ಓದಿ ನನ್ನ ತಲೆಯಲ್ಲೂ ಎಲ್ಲರೂ ಅತ್ತೆ, ಮಾವ, ಭಾವಂದಿರಾಗಿ ನೆಲೆಸಿದರು. ಇಷ್ಟು ಗಟ್ಟಿಯಾಗಿ ನಾನು ಏನನ್ನೂ ಕಲಿತಿರಲಿಲ್ಲ.

ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಧೈರ್ಯವಾಗಿ ಕೂತೆ. ಆ ಮಹಾರಾಣಿ ಯಾರನ್ನು ಮದುವೆಯಾದಳು ಎಂಬ ಪ್ರಶ್ನೆಯೇ ಬಂತು! ಕುಣಿದಾಡುವಷ್ಟು ಸಂತೋಷವಾಯಿತು. ಕೆಳಗೆ ನಾಲ್ಕು ಹೆಸರುಗಳಿದ್ದವು. ನಾಲ್ವರಲ್ಲಿ ಸೋದರಮಾವನ ಮಗ ಯಾರೆಂದು ಎಲ್ಲೂ ಬರೆದಿರಲಿಲ್ಲ. ಮುಂದಿನ ಪ್ರಶ್ನೆಗಳದೂ ಇದೇ ಕಥೆ. ಮನೆಯ ಗುಟ್ಟೆಲ್ಲ ಗೊತ್ತಿದ್ದೂ ಒಬ್ಬರ ಹೆಸರೂ ತಿಳಿಯದೆ, ಮತ್ತೆ ಡುಮ್ಕಿ ಹೊಡೆದೆ.

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಅಮ್ಮ ಕಾಫಿ ಕೈಗಿಟ್ಟು, "ಹೋಗ್ಲಿ ಬಿಡೋ. ಗುರುತಿರೋ ಜನಾನೇ ಅಲ್ವಾ, ಇನ್ನೊಂದ್ಸಲ ಹೋಗಿ ಬಂದ್ರಾಯ್ತು," ಎಂದಳು.

ಹೋಗುತ್ತೇನೆ. ಆದರೆ ಈ ಸಲ ಪಾಠ ಸುಮಾಳದು. ಅವಳು ಯಾರನ್ನಾದರೂ ಹೆಸರು ಹಿಡಿದೇ ಕರೆಯುತ್ತಾಳೆ. ಅಮ್ಮನ ಎದುರಿನಲ್ಲಿ ನನ್ನನ್ನು ಕೂಡ.