ಸೋಲೇ ಇಲ್ಲದ ಹಿತ್ತಲು

ಆವತ್ತು ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು, ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದೆ. ನಡುಮನೆಯಲ್ಲಿ ನನ್ನ ಮೈದುನ ಬಾಯಲ್ಲಿ ಬ್ರಷ್ ಕಚ್ಚಿಕೊಂಡು, ಬನಿಯನ್ ತಿರುವುಮುರುವು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದ. ಯಾರನ್ನೂ ಸೋಲಿಸದೆ ಗೆಲ್ಲಬಹುದು ಎಂದು ನಂಬಿರುವ ಜಗತ್ತಿನ ಏಕೈಕ ಪ್ರಾಣಿ ನಮ್ಮ ಸರಸ್ವತಿಪುರಂ ಮನೆಯಲ್ಲಿದೆ ಎಂದರೆ ನೀವು ನಂಬುತ್ತೀರಾ? ಕ್ರಿಕೆಟ್ಟಿನಲ್ಲಿ ನಮ್ಮವರು ಗೆದ್ದು ಬೀದಿಯೆಲ್ಲ ಪಟಾಕಿ ಹೊಡೆಯುವಾಗ, "ಪಾಪ, ಅವರ ಬೌಲರ್ ಮುಖ ನೋಡಿದ್ರಾ ಅತ್ತಿಗೆ?" ಎಂದು ಊಟ ಬಿಟ್ಟು ಎದ್ದವನು!

ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಈ ಮಹಾಶಯ ಕೆಲವು ತಿಂಗಳಿಂದ ತಾನೇ ಒಂದು ಆಟ ತಯಾರಿಸುತ್ತಿದ್ದ. ತಾಯಿಗೋಸ್ಕರ. ಮೊದಲೆಲ್ಲ ನಮ್ಮ ಮಾವನವರೂ ಅತ್ತೆಯೂ ಮಧ್ಯಾಹ್ನ ಚೌಕಾಬಾರಕ್ಕೆ ಕೂತರೆಂದರೆ, ಕಾಯಿ ಕಡಿದಾಗಲೆಲ್ಲ ಅತ್ತೆಯ ಕೂಗಿಗೆ ಸೂರು ಹಾರಬೇಕು! ಮಾವ ತೀರಿಕೊಂಡ ಮೇಲೆ ಆ ದನಿ ಎಲ್ಲಿ ಹೋಯಿತೋ. ಕರೆದರೆ "ಹೂಂ", ಬಡಿಸಿದರೆ "ಸಾಕು". ಬಿಪಿ ನೋಡಿದ ಡಾಕ್ಟರು "ಉದ್ವೇಗ ಆಗದ ಹಾಗೆ ನೋಡಿಕೊಳ್ಳಿ" ಎಂದದ್ದೇ ತಡ, "ಅಮ್ಮನ್ನ ಮತ್ತೆ ಆಟಕ್ಕೆ ಕೂರಿಸ್ತೀನಿ, ಉದ್ವೇಗಾನೇ ಇಲ್ದಂಗೆ!" ಎಂದು ಇವನು ಹಟ ಹಿಡಿದ.

ಪರದೆಯ ಮೇಲೊಂದು ಹಿತ್ತಲು. ಬದನೆ ಎಲ್ಲಿ, ಮಲ್ಲಿಗೆ ಎಲ್ಲಿ, ಬಾವಿಯ ನೀರು ಮೊದಲು ಯಾವ ಪಾತಿಗೆ ಎಂದು ಯೋಚಿಸಿ ನಡೆಸಬೇಕು. ಪಕ್ಕದಲ್ಲೇ ಕಂಪ್ಯೂಟರೇ ನಡೆಸುವ ಎದುರಾಳಿಯ ಹಿತ್ತಲು; ಯಾರದು ಮೊದಲು ತುಂಬಿತೋ ಅವರು ಗೆದ್ದಂತೆ. ಆಡಿ ನೋಡಿ ತಪ್ಪು ಹುಡುಕುವ ಕೆಲಸ ನನ್ನದು.

"ನೀರು ಹಾಕೋದು ಮರೆತರೆ?"

"ಗಿಡ ಒಣಗಲ್ಲ ಅತ್ತಿಗೆ. ಕಾಯ್ತವೆ."

"ಎಷ್ಟು ಹೊತ್ತು?"

"ನಾವು ಬರೋ ತನಕ."

"ಇವು ಗಿಡ ಅಲ್ಲ ಕಣಪ್ಪ, ಗೃಹಿಣಿಯರು! ಹೋಗಲಿ, ಆ ಎದುರಾಳಿ ಏನು ಮಾಡ್ತಾನೆ?"

"ಆಗಾಗ ಬಂದು ಕೊತ್ತಂಬರಿ ಸೊಪ್ಪು ಕೇಳ್ತಾನೆ. ಕೊಡದಿದ್ರೂ ಬೇಜಾರು ಮಾಡ್ಕೊಳ್ಳಲ್ಲ."

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳೂ ಇಷ್ಟು ಒಳ್ಳೆಯವರಿರಲಿಲ್ಲ! ಅಮ್ಮ ಬೆಚ್ಚಿಬಿದ್ದಾರೆಂದು ಆಟದಿಂದ ಗುಡುಗು ತೆಗೆದ. ಅಸಹ್ಯಪಟ್ಟಾರೆಂದು ಎಲೆಯ ಹುಳು ತೆಗೆದ. ಕೊನೆಗೆ, ಇಣುಕಿ ನೋಡಿ ಹೆದರಿಯಾರೆಂದು ಪರದೆಯ ಮೇಲಿನ ಬಾವಿಗೂ ಕಟಕಟೆ ಕಟ್ಟಿಸಿದ!

ಆ ಬೆಳಿಗ್ಗೆ ಕಾಫಿ ಮುಗಿಯುತ್ತಲೇ ಅತ್ತೆಯನ್ನು ಕೈಹಿಡಿದು ಕರೆತಂದು ಕೂರಿಸಿದ. ಮೌಸಿನ ಮೇಲೆ ಅವರ ಕೈ, ಅದರ ಮೇಲೆ ಇವನ ಕೈ. ಬದನೆ ಬಿಟ್ಟಿತು, ಮಲ್ಲಿಗೆ ಅರಳಿತು, "ಗೆದ್ದಿರಿ" ಎಂದು ಅಕ್ಷರ ಮೂಡಿತು. ಮತ್ತೆ ಆಡಿದರು, ಮತ್ತೆ ಗೆದ್ದರು. ಆಮೇಲೆ ಅತ್ತೆ ಬೇಕೆಂದೇ ಒಂದು ಹನಿ ನೀರೂ ಬಿಡದೆ ಕೂತರು. ಆಗಲೂ ಗೆದ್ದರು! ಮೆಲ್ಲಗೆ ಕೈ ಎಳೆದುಕೊಂಡರು.

"ನೀನು ಬಿಟ್ಕೊಡ್ತಾ ಇದ್ದೀಯ ಕಣೋ."

"ಇಲ್ಲಮ್ಮ, ಈ ಆಟಾನೇ ಹಂಗೆ..."

"ನಿಮ್ಮಪ್ಪ ಒಂದಿನಾನಾದ್ರೂ ನಂಗೆ ಬಿಟ್ಕೊಟ್ರಾ? ಇನ್ನೇನು ಕಾಯಿ ಹಣ್ಣಾಗ್ಬೇಕು, ಆಗ್ಲೇ ಕಡಿಯೋರು. ಎದುರಿಗೆ ಕೂತಿರೋಳೂ ಒಬ್ಳು ಆಟಗಾರ್ತಿ ಅಂತ ತಿಳ್ಕೊಂಡಿದ್ರು. ನಿಂಗೆ ನಾನು ಬರೀ ಕಾಯಿಲೆಯೋಳು."

ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಅಷ್ಟುದ್ದ ಮಾತು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು! ಮೈದುನನ ಮುಖ ನೋಡಲಾಗಲಿಲ್ಲ.

"ಅತ್ತಿಗೆ, ಡಾಕ್ಟರು ಹೇಳಿದ್ದು..."

"ಡಾಕ್ಟರು ನಿಮ್ಮಮ್ಮನ ಜೊತೆ ಚೌಕಾಬಾರ ಆಡಿದಾರೇನಪ್ಪ?"

ಅವನು ಸೆಂಟರಿಗೆ ರಜೆ ಹೇಳಿ, ಬನಿಯನ್ನನ್ನೂ ಸರಿಮಾಡಿಕೊಳ್ಳದೆ ಮತ್ತೆ ಕೀಬೋರ್ಡ್ ಕುಟ್ಟತೊಡಗಿದ. ಇಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಗಟ್ಟಿಯಾಯಿತು. ಊಟದ ಹೊತ್ತು ಮೀರಿದ ಮೇಲೆ ಕೋಣೆಯ ಬಾಗಿಲಲ್ಲಿ ನಿಂತು, "ಬಾಮ್ಮ, ಈಗ ಬಿಟ್ಕೊಡಲ್ಲ" ಎಂದ. ಜೀವಮಾನದಲ್ಲಿ ಮೊದಲ ಸಲ ಯಾರನ್ನೋ ಸೋಲಿಸಲು ಹೊರಟಿದ್ದ!

ಅತ್ತೆ ಬಂದು ಕೂತರು. ಮಲ್ಲಿಗೆ ಮೊಗ್ಗು ಬಿರಿಯುವ ಹೊತ್ತಿಗೆ ಎದುರಾಳಿಯ ಬೇಲಿ ದಾಟಿ ಬಂತು ನೋಡಿ, ಕಂದು ಬಣ್ಣದ ಒಂದು ಹಸು! ಬದನೆ ಪಾತಿಯನ್ನು ಅರ್ಧ ಗುಡಿಸಿಯೇ ಬಿಟ್ಟಿತು. ಅತ್ತೆ ಕುರ್ಚಿ ಬಿಟ್ಟು ಎದ್ದು ನಿಂತರು.

"ಏಯ್! ಹೊಯ್! ಯಾರ ಮನೇದೋ ಇದು? ಹೊಟ್ಟೆಗೆ ಹಾಕದೆ ಬಿಟ್ಬುಟ್ಟವ್ರೆ! ಕೋಲು ತಾ ಕಣಮ್ಮ!"

ನಾನು ನಿಜವಾಗಿಯೂ ಕೋಲು ಹುಡುಕಲು ಹೊರಟಿದ್ದೆ! ತಿರುಗಿ ನೋಡಿದರೆ ಅತ್ತೆ ಸೋತಿದ್ದರು. "ಇನ್ನೊಂದಾಟ ಹಾಕೋ" ಎನ್ನುತ್ತಿದ್ದರು. ಮೈದುನ ಕಣ್ಣು ಒರೆಸಿಕೊಳ್ಳುತ್ತ ಹಾಕುತ್ತಿದ್ದ.

ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, ಸೊಪ್ಪು ಬಿಡಿಸುತ್ತಲೇ, ತಲೆಯನ್ನೂ ಎತ್ತದೆ ಅಂದರು:

"ಏನ್ರೀ, ಮಧ್ಯಾಹ್ನವೆಲ್ಲ ನಿಮ್ಮತ್ತೆ ಹಸು ಓಡಿಸ್ತಾನೇ ಇದ್ರಲ್ಲ? ಆ ಗೇಟಿಗೊಂದು ಚಿಲಕ ಹಾಕಿಸ್ಬಾರ್ದಾ?"